ರಾಯಚೂರಿಗೆ ಬಂದ ಮೊದಲ ತಿಂಗಳು: ವೈಫೈ ಎಲ್ಲಿ ಸಿಗುತ್ತದೆ, ಹೇಗೆ ಬಳಸಬೇಕು

ಶಕ್ತಿನಗರದ ಕೆಲಸಕ್ಕೋ, ರಿಮ್ಸ್ ಆಸ್ಪತ್ರೆಗೋ, ಕೃಷಿ ವಿಶ್ವವಿದ್ಯಾಲಯಕ್ಕೋ ನೀವು ಈಗಷ್ಟೇ ಬಂದಿದ್ದೀರಿ. ಮನೆ ಸಿಕ್ಕಿದೆ, ಗ್ಯಾಸ್ ಬಂದಿದೆ, ಬ್ರಾಡ್‌ಬ್ಯಾಂಡ್ ಮಾತ್ರ ಇನ್ನೂ ಬಂದಿಲ್ಲ. ಮಕ್ಕಳ ಶಾಲೆಯ ಅರ್ಜಿ, ವಿಳಾಸ ಬದಲಾವಣೆ, ಊರಿಗೆ ವಿಡಿಯೊ ಕರೆ ಎಲ್ಲಾ ಮೊಬೈಲ್ ಡೇಟಾ ಮೇಲೇ. ಮಧ್ಯಾಹ್ನದೊಳಗೆ ದಿನದ ಡೇಟಾ ಮುಗಿದಿರುತ್ತದೆ. ಅಂಥ ಹೊತ್ತಿಗೆ ಊರಲ್ಲಿ ಸಿಗುವ ವೈಫೈ ದೊಡ್ಡ ಆಸರೆ.

ಮೊದಲು ರೈಲು ನಿಲ್ದಾಣ. ಫೋನಿನಲ್ಲಿ 'ರೈಲ್‌ವೈರ್' ಅಂತ ಕಾಣುತ್ತದೆ. ಇದು ರೈಲ್ವೆಯದೇ ಆದ ರೈಲ್‌ಟೆಲ್ ಕಂಪನಿಯ ಸೇವೆ. ದೇಶದ 6,000ಕ್ಕೂ ಹೆಚ್ಚು ನಿಲ್ದಾಣಗಳಲ್ಲಿದೆ. ನಂಬರ್ ಹಾಕಿ, ಬಂದ ಒಟಿಪಿ ಕೊಟ್ಟರೆ ದಿನಕ್ಕೆ 30 ನಿಮಿಷ ಉಚಿತ. ಆದರೆ ಉಚಿತದ ವೇಗ 1 ಎಂಬಿಪಿಎಸ್ (ಸೆಕೆಂಡಿಗೆ 1 ಮೆಗಾಬಿಟ್) ಅಷ್ಟೇ. ಲೆಕ್ಕ ಹಾಕಿದರೆ ಅರ್ಧ ಗಂಟೆಗೆ ಹೆಚ್ಚೆಂದರೆ 225 ಎಂಬಿ. ಅರ್ಜಿ ತುಂಬಲು, ಅಂಕಪಟ್ಟಿ ಅಪ್‌ಲೋಡ್ ಮಾಡಲು ಸಾಕು. ಸಿನಿಮಾ ಇಳಿಸಲು ಆಗದು. ಜಾಸ್ತಿ ಬೇಕಾದವರಿಗೆ 2021ರಲ್ಲಿ ಹಣದ ಪ್ಲಾನ್‌ಗಳೂ ಶುರುವಾದವು. ಆಗ 10 ರೂಪಾಯಿಗೆ ಒಂದು ದಿನ, 5 ಜಿಬಿ ಕೊಟ್ಟಿದ್ದರು. ಒಳಗೆ ಹೋಗುವ ಮುನ್ನ ಪ್ಲಾಟ್‌ಫಾರಂ ಟಿಕೆಟ್ ಮರೆಯಬೇಡಿ.

ಕೇರಳದ ಎರ್ನಾಕುಲಂ ನಿಲ್ದಾಣದಲ್ಲಿ ಹಮಾಲಿ ಕೆಲಸ ಮಾಡುತ್ತಿದ್ದ ಯುವಕನೊಬ್ಬ ಇಂಥದೇ ವೈಫೈನಲ್ಲಿ ಪಾಠ ಕೇಳಿ, ಅಲ್ಲಿನ ಲೋಕಸೇವಾ ಆಯೋಗದ (ಪಿಎಸ್‌ಸಿ) ಲಿಖಿತ ಪರೀಕ್ಷೆ ಪಾಸಾದ. 2018ರ ಸುದ್ದಿ ಅದು. ಪರೀಕ್ಷೆಗೆ ಓದುತ್ತಿರುವ ನಮ್ಮ ಹುಡುಗರಿಗೆಲ್ಲ ನಾನು ಇದನ್ನು ಹೇಳುತ್ತಲೇ ಇರುತ್ತೇನೆ.

ಇನ್ನು ಅಂಗಡಿ ವೈಫೈ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ಪಿಎಂ ವಾಣಿ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕಿರಾಣಿ ಅಂಗಡಿಯವರು, ಚಹಾ ಹೋಟೆಲಿನವರು ಲೈಸೆನ್ಸ್ ಇಲ್ಲದೆ ವೈಫೈ ಮಾರಬಹುದು. ಪಿಎಂ ವಾಣಿ ಆ್ಯಪ್ ಹಾಕಿಕೊಂಡರೆ ಹತ್ತಿರದ ಕೇಂದ್ರಗಳು ಕಾಣುತ್ತವೆ. ಚಿಕ್ಕ ಮೊತ್ತಕ್ಕೆ ಚಿಕ್ಕ ಪ್ಯಾಕ್ ಸಿಗುತ್ತದೆ. ಮನೆ ಕೆಳಗೆ ಸಣ್ಣ ಅಂಗಡಿ ಇಡುವ ಯೋಚನೆ ಇದ್ದರೆ ನೀವೂ ಇದನ್ನು ಮಾಡಬಹುದು. ಅಂಗಡಿಯವರಿಗೆ ಬ್ರಾಡ್‌ಬ್ಯಾಂಡ್ ಬೆಲೆ ಹೊರೆಯಾಗುತ್ತಿತ್ತು. 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಅದಕ್ಕೊಂದು ಮಿತಿ ಹಾಕಿತು. 200 ಎಂಬಿಪಿಎಸ್‌ವರೆಗಿನ ಸಂಪರ್ಕಕ್ಕೆ ಮನೆಯವರು ಕೊಡುವ ದರದ ಎರಡು ಪಟ್ಟಿಗಿಂತ ಜಾಸ್ತಿ ಕೇಳುವಂತಿಲ್ಲ.

ಮನೆಗೆ ಬಿಎಸ್‌ಎನ್‌ಎಲ್ ಫೈಬರ್ ಹಾಕಿಸುವವರಿಗೆ ಒಂದು ಮಾತು. 2024ರ ಅಕ್ಟೋಬರ್‌ನಿಂದ ಅವರ ಫೈಬರ್ ಗ್ರಾಹಕರು ಬೇರೆ ಕಡೆಯ ಬಿಎಸ್‌ಎನ್‌ಎಲ್ ಹಾಟ್‌ಸ್ಪಾಟ್‌ಗಳಲ್ಲೂ ಬೇರೆ ದುಡ್ಡಿಲ್ಲದೆ ಇಂಟರ್ನೆಟ್ ಬಳಸಬಹುದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ. ಇಲ್ಲಿಯ ಹಳೆ ಮನೆಗಳನ್ನು ನೋಡಿದ್ದೀರಲ್ವಾ? ಕಲ್ಲಿನ ದಪ್ಪ ಗೋಡೆ, ಮೇಲೆ ಮಾಳಿಗೆ. ಬೇಸಿಗೆಗೆ ಒಳಗೆ ತಂಪು, ಆದರೆ ಸಿಗ್ನಲ್ ಒಳಗೆ ಬರುವುದಿಲ್ಲ. ನಾವು ಬಂದ ವರ್ಷ ಅವ್ವನ ಆರೋಗ್ಯ ವಿಚಾರಿಸಲು ಏಪ್ರಿಲ್ ಬಿಸಿಲಲ್ಲಿ ಮಾಳಿಗೆ ಹತ್ತುತ್ತಿದ್ದೆವು. ಕಾಲು ಸುಡುತ್ತಿತ್ತು. ಒಮ್ಮೆ ರಾತ್ರಿ ಅವ್ವ ಆಸ್ಪತ್ರೆ ಸೇರಿದ ಕರೆ ನಮಗೆ ಬರಲೇ ಇಲ್ಲ. ಬೆಳಿಗ್ಗೆ ತಿಳಿಯಿತು. ಆ ಸಂಕಟ ಇನ್ಯಾರಿಗೂ ಬೇಡ.

ಅದಕ್ಕೆ 'ವೈಫೈ ಕಾಲಿಂಗ್' ಇದೆ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೊ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು. ಟವರ್ ಬದಲು ವೈಫೈ ಮೂಲಕ ಮಾಮೂಲಿ ಕರೆ ಹೋಗುತ್ತದೆ, ಬರುತ್ತದೆ. ನಂಬರ್ ನಿಮ್ಮದೇ, ಆ್ಯಪ್ ಬೇಡ, ಬೇರೆ ದುಡ್ಡೂ ಇಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ವೈಫೈ ಕಾಲಿಂಗ್' ಅಂತ ಹುಡುಕಿ ಆನ್ ಮಾಡಿ. ಎರಡು ಸಿಮ್ ಇದ್ದರೆ ಎರಡಕ್ಕೂ ನೋಡಿ. ಮನೆಗೆ ಬ್ರಾಡ್‌ಬ್ಯಾಂಡ್ ಬಂದ ದಿನವೇ ಈ ಕೆಲಸ ಮುಗಿಸಿ.

ಕೆಲವು ಎಚ್ಚರಿಕೆ. ಹೊರಗಿನ ವೈಫೈಗೆ ಸಾಮಾನ್ಯವಾಗಿ ಒಟಿಪಿ ಬೇಕೇ ಬೇಕು. ಆದ್ದರಿಂದ ರಿಚಾರ್ಜ್ ಇರುವ ಸಿಮ್ ಕೈಯಲ್ಲಿರಲಿ. ಲಾಗಿನ್ ಪುಟ ತೆರೆಯದಿದ್ದರೆ ಸ್ವಲ್ಪ ಹೊತ್ತು ಮೊಬೈಲ್ ಡೇಟಾ ಆಫ್ ಮಾಡಿ, ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಗುಪ್ತವಾಗಿಡುವ ಆ್ಯಪ್) ಇದ್ದರೆ ಅದನ್ನೂ ನಿಲ್ಲಿಸಿ, ಬ್ರೌಸರ್ ತೆರೆಯಿರಿ. ಯಾರು ಬೇಕಾದರೂ ತಮ್ಮ ಹಾಟ್‌ಸ್ಪಾಟ್‌ಗೆ ನಿಲ್ದಾಣದ ವೈಫೈ ಹೆಸರೇ ಇಡಬಹುದು. ಹೆಸರು ಒಂದೇ ಅಂತ ನಂಬಬೇಡಿ. ಉಚಿತ ವೈಫೈ ಕೊಡುತ್ತೇವೆ ಅಂತ ಎಟಿಎಂ ಕಾರ್ಡ್ ನಂಬರ್, ಯುಪಿಐ ಪಿನ್, ಆಧಾರ್ ಕೇಳುವ ಪುಟ ಬಂದರೆ ಅಲ್ಲೇ ಮುಚ್ಚಿ. ಹಣ ಕಳಿಸುವಾಗ ಮೊಬೈಲ್ ಡೇಟಾಗೆ ಬದಲಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಆ ವೈಫೈಯನ್ನು ಫೋನಿನಿಂದ ತೆಗೆದುಹಾಕಿ, ಇಲ್ಲದಿದ್ದರೆ ಮುಂದಿನ ಸಲ ತಾನಾಗಿಯೇ ಅಂಟಿಕೊಳ್ಳುತ್ತದೆ. ದುಡ್ಡು ಹೋಯಿತು ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಚಿಕೆಯಿಂದ ಸುಮ್ನೆ ಕೂರಬೇಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.

ಸೆಟ್ಟಿಂಗ್ ಗೊತ್ತಾಗದಿದ್ದರೆ ಫೋನ್ ಹಿಡಿದು ನಮ್ಮ ಸಂಘಕ್ಕೆ ಬನ್ನಿ, ಕೂತು ಮಾಡಿಕೊಡುತ್ತೇವೆ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರ ಫೋನನ್ನೂ ತನ್ನಿ.