ಕೆಮ್ಮಣ್ಣಿನ ದಾರಿಯ ಇಂಜಿನ್: ಮಾಡೆಲ್ ರೈಲಿನ ಬಣ್ಣ ಮಾಸಿಸುವುದು ಹೇಗೆ?

ಡಬ್ಬದಿಂದ ತೆಗೆದ ಹೊಸ ಮಾಡೆಲ್ ಇಂಜಿನ್ ಫಳಫಳ ಹೊಳೆಯುತ್ತದೆ. ಹುಬ್ಬಳ್ಳಿ ಶೆಡ್‌ನ ನಿಜವಾದ ಇಂಜಿನ್ ನೋಡಿದವರಿಗೆ ಆ ಹೊಳಪೇ ಅಡ್ಡ ಬರುತ್ತದೆ. ಹೊಸಪೇಟೆ, ತೋರಣಗಲ್ಲು ಕಡೆಯ ಅದಿರಿನ ಧೂಳು ಹೊತ್ತು, ಕ್ಯಾಸಲ್‌ರಾಕ್ ಘಾಟಿಯ ಮಳೆಯಲ್ಲಿ ನೆನೆದು ಬಂದ ಇಂಜಿನ್ ಹಾಗೆ ಇರುವುದೇ ಇಲ್ಲ.

ನಾನು ಹೇಳುತ್ತಿರುವುದು ಎಚ್‌ಓ ಅಳತೆಯ, ಅಂದರೆ ನಿಜದ ಇಂಜಿನ್ನಿನ 87ರಲ್ಲಿ ಒಂದು ಪಾಲಿನಷ್ಟಿರುವ (1:87) ಡಬ್ಲ್ಯೂಡಿಜಿ-4 ಮಾಡೆಲ್ ಬಗ್ಗೆ. ಅಮೆರಿಕದಿಂದ 1999ರಲ್ಲಿ ಮೊದಲು ಬಂದ ಈ 4000 ಅಶ್ವಶಕ್ತಿಯ ಡೀಸೆಲ್ ಇಂಜಿನ್ ಹುಬ್ಬಳ್ಳಿಯವರಿಗೆ ಮನೆಮಗನಿದ್ದ ಹಾಗೆ. ನನ್ನ ಹತ್ತಿರ ಇರುವುದಕ್ಕೆ ಕಿತ್ತಳೆ ಮೈ, ಕೆನೆ ಬಣ್ಣದ ಪಟ್ಟಿ.

ಬ್ರಷ್ ಹಿಡಿಯುವ ಮೊದಲು ಫೋಟೋ ನೋಡಿ. ಒಂದು ಪಕ್ಕದಿಂದ ತೆಗೆದದ್ದು, ಇನ್ನೊಂದು ಸ್ಟೇಷನ್ನಿನ ಮೇಲ್ಸೇತುವೆಯಿಂದ ತೆಗೆದದ್ದು. ಮೇಲಿನಿಂದ ನೋಡಿದರೆ ಮಸಿ ಎಲ್ಲಿ ಕೂತಿದೆ ಎಂದು ಗೊತ್ತಾಗುತ್ತದೆ. ಪ್ರತಿ ಕಲೆಗೂ ಒಂದು ಕಾರಣ ಇರುತ್ತದೆ. ಕಾರಣ ಗೊತ್ತಿಲ್ಲದ ಕಲೆಯನ್ನು ನಾನು ಹಚ್ಚುವುದಿಲ್ಲ.

ಮೊದಲ ಕೆಲಸ, ಮೇಲಿನ ಕವಚವನ್ನು ಚಾಸಿಯಿಂದ ಬಿಡಿಸಿ, ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆಯುವುದು. ಬೆರಳಿನ ಎಣ್ಣೆ ಉಳಿದರೆ ಅಲ್ಲಿ ಬಣ್ಣ ಹಿಡಿಯುವುದಿಲ್ಲ. ರಾತ್ರಿಯಿಡೀ ಒಣಗಲು ಬಿಡಿ. ಕಿಟಕಿ, ಹೆಡ್‌ಲೈಟ್‌ಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಮುಂದಿನ ಗಾಜಿನ ಮೇಲೆ ಟೇಪನ್ನು ವೈಪರ್ ಓಡಾಡುವ ಬೀಸಣಿಗೆ ಆಕಾರಕ್ಕೇ ಕತ್ತರಿಸಿ. ಕೊನೆಯಲ್ಲಿ ಅದನ್ನು ಕಿತ್ತಾಗ ಧೂಳಿನ ನಡುವೆ ಅಷ್ಟು ಜಾಗ ಮಾತ್ರ ಶುಭ್ರವಾಗಿ ಉಳಿಯುತ್ತದೆ. ನೋಡಲು ತುಂಬಾ ಚೆನ್ನ.

ಆಮೇಲೆ ಅಕ್ರಿಲಿಕ್ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಒಂದು ತೆಳು ಕೋಟ್. ನುಣುಪಾದ ಮೈಮೇಲೆ ಮುಂದೆ ಹಚ್ಚುವ ಬಣ್ಣದ ಪುಡಿ ನಿಲ್ಲುವುದಿಲ್ಲ, ಅದಕ್ಕೇ ಇದು. ಸ್ಪ್ರೇ ಮಾಡುವಾಗ ಮಾಸ್ಕ್ ಹಾಕಿ, ಕಿಟಕಿ ತೆರೆದಿಡಿ.

ಈಗ ಮುಖ್ಯ ಕೆಲಸ, ಬಣ್ಣ ಮಾಸಿಸುವುದು. ಬಿಸಿಲಿಗೆ ನಿಂತ ಹಳೆಯ ಕಬ್ಬಿಣದ ಗೇಟಿನ ಮೇಲೆ ಒಮ್ಮೆ ಕೈ ಸವರಿ. ಬೆರಳಿಗೆ ಸಣ್ಣ ಪುಡಿ ಅಂಟುತ್ತದೆ ಅಲ್ವಾ? ಬಣ್ಣವನ್ನು ಹಿಡಿದಿಟ್ಟ ಅಂಟು ಬಿಸಿಲಿಗೆ ಹಾಳಾಗಿ, ಬಣ್ಣದ ಕಣಗಳು ಸಡಿಲವಾಗಿರುತ್ತವೆ. ಹಳೆ ಬಣ್ಣ ಮಬ್ಬಾಗಿ ಕಾಣುವುದು ಇದರಿಂದಲೇ. ಬಿಸಿಲು ಜಾಸ್ತಿ ಬೀಳುವ ಛಾವಣಿ, ಬಾನೆಟ್ಟಿನ ಮೇಲಂಚು ಮೊದಲು ಮಾಸುತ್ತವೆ. ಇಂಜಿನ್ನಿನ ಪಕ್ಕದಲ್ಲಿ ಓಡಾಡುವ ಕಾಲ್ದಾರಿಯ ಕೆಳಗೆ, ನೆರಳಲ್ಲಿ, ಹಳೆಯ ಬಣ್ಣ ಹಾಗೇ ಉಳಿದಿರುತ್ತದೆ. ಇಡೀ ಇಂಜಿನ್ನನ್ನು ಒಂದೇ ಸಮ ಮಾಸಿಸಿದರೆ ಅದು ಮಾಸಿದ ಹಾಗಲ್ಲ, ಬೇರೆ ಬಣ್ಣ ಬಳಿದ ಹಾಗೆ ಕಾಣುತ್ತದೆ.

ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಬೇಕೇ ಬೇಕು ಅಂತೇನಿಲ್ಲ. ಚಿತ್ರ ಬಿಡಿಸುವ ಆಯಿಲ್ ಕಲರ್ ಸಾಕು. ಬಿಳಿ, ತಿಳಿ ಹಳದಿ, ಹಳದಿ ಮಣ್ಣಿನ ಬಣ್ಣ, ಕಂದು ಇವನ್ನು ಸ್ವಲ್ಪ ಸ್ವಲ್ಪ ರಟ್ಟಿನ ಮೇಲೆ ಹಿಂಡಿ ಅರ್ಧ ಗಂಟೆ ಬಿಡಿ. ಜಾಸ್ತಿ ಇರುವ ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ, ಬಣ್ಣ ಬೇಗ ಒಣಗುತ್ತದೆ. ಆಮೇಲೆ ಕಡ್ಡಿಯ ತುದಿಯಿಂದ ಮೈಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಚುಕ್ಕೆ ಇಡಿ. ಮೇಲೆ ಒತ್ತೊತ್ತಾಗಿ, ಕೆಳಗೆ ವಿರಳವಾಗಿ. ವಾಸನೆ ಇಲ್ಲದ ಥಿನ್ನರ್‌ನಲ್ಲಿ ಚಪ್ಪಟೆ ಬ್ರಷ್ ಅದ್ದಿ, ಬಟ್ಟೆಯಲ್ಲಿ ಒರೆಸಿ, ಬರೀ ತೇವ ಉಳಿದ ಬ್ರಷ್ಷಿನಿಂದ ಚುಕ್ಕೆಗಳನ್ನು ಮೇಲಿನಿಂದ ಕೆಳಕ್ಕೆ ಎಳೆಯಿರಿ. ಮಳೆನೀರು ಇಳಿಯುವ ದಾರಿಯೂ ಅದೇ. ಥಿನ್ನರ್ ಪ್ಲಾಸ್ಟಿಕ್ಕಿಗೆ ಒಗ್ಗುತ್ತದಾ ಎಂದು ಮೊದಲು ಅಡಿಭಾಗದಲ್ಲಿ ನೋಡಿಕೊಳ್ಳಿ.

ಕಿತ್ತಳೆ ಬಣ್ಣಕ್ಕೆ ಬರೀ ಬಿಳಿ ಹಾಕಬೇಡಿ. ಗುಲಾಬಿಯ ಛಾಯೆ ಬಂದುಬಿಡುತ್ತದೆ. ನನ್ನ ಮೊದಲ ಇಂಜಿನ್ ಹಾಗೇ ಆಗಿತ್ತು. ತಿಳಿ ಹಳದಿ ಜಾಸ್ತಿ, ಬಿಳಿ ಕಡಿಮೆ ಇರಲಿ. ಇನ್ನೊಂದು ಲೆಕ್ಕ ನೆನಪಿರಲಿ: ನೀವು ಎಳೆದ 1 ಮಿಲಿಮೀಟರ್ ಗೆರೆ ನಿಜದ ಇಂಜಿನ್ ಮೇಲೆ ಸುಮಾರು 9 ಸೆಂಟಿಮೀಟರ್ ಅಗಲ. ಅಷ್ಟು ದಪ್ಪ ಸೋರಿಕೆ ಎಲ್ಲಿರುತ್ತದೆ? ಕೂದಲೆಳೆಯಷ್ಟು ಸಾಕು. ಎರಡು ಮೂರು ದಿನ ಒಣಗಲಿ, ಮೇಲೆ ಮತ್ತೊಂದು ಮ್ಯಾಟ್ ಕೋಟ್.

ಬಣ್ಣ ಮಾಸಿದ ಮೇಲೇ ಕೊಳೆ. ಬಾಗಿಲ ಸಂದು, ಜಾಲರಿಗಳಿಗೆ ತೆಳುವಾಗಿಸಿದ ಕಡು ಕಂದು ಬಿಡಿ. ಕಪ್ಪು ಬೇಡ, ಅದು ಗೆರೆ ಕೊರೆದ ಹಾಗೆ ಕಾಣುತ್ತದೆ. ಕಪ್ಪು ಬೇಕಾಗುವುದು ಹೊಗೆ ಬರುವ ಕೊಳವೆಯ ಸುತ್ತ ಮಾತ್ರ. ಸೀಮೆಸುಣ್ಣದಂಥ ಒಣ ಪಾಸ್ಟಲ್ ಬಣ್ಣದ ಕಡ್ಡಿಯನ್ನು ಸ್ಯಾಂಡ್ ಪೇಪರಿಗೆ ಉಜ್ಜಿ ಪುಡಿ ಮಾಡಿ, ಮೆತ್ತನೆ ಬ್ರಷ್ಷಿನಿಂದ ಹಚ್ಚಿ.

ಕೆಳಗೆ ಬೋಗಿಗಳಿಗೆ, ಅಂದರೆ ಇಂಜಿನ್ನಿನ ಚಕ್ರಗಳನ್ನು ಹಿಡಿದಿರುವ ಚೌಕಟ್ಟುಗಳಿಗೆ, ಅದಿರಿನ ಕೆಂಪು. ಪಾಸ್ಟಲ್ಲಿನ ಇಟ್ಟಿಗೆ ಬಣ್ಣಕ್ಕೆ ಕಂದು ಬೆರೆಸಿದರೆ ಸರಿಯಾಗಿ ಹೊಂದುತ್ತದೆ. ಬಳ್ಳಾರಿಯ ನಿಜವಾದ ಅದಿರಿನ ಪುಡಿಯನ್ನೇ ಹಚ್ಚುವ ಆಸೆ ಬರುತ್ತದೆ. ಬೇಡ. ಮೋಟಾರಿನಲ್ಲಿ ಅಯಸ್ಕಾಂತ ಇದೆ, ಗೇರುಗಳಿಗೆ ಹರಳು ಸಿಕ್ಕಿದರೆ ಸವೆಯುತ್ತವೆ. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂ ತನಕದ ಘಾಟಿಯ ಏರು 37ಕ್ಕೆ 1, ಅಂದರೆ 37 ಮೀಟರ್ ಸಾಗಿದರೆ 1 ಮೀಟರ್ ಏರು. ಚಕ್ರ ಜಾರದಂತೆ ಅಲ್ಲಿ ಹಳಿಗೆ ಮರಳು ಬಿಡುತ್ತಾರೆ. ಹಾಗಾಗಿ ಮರಳಿನ ಪೈಪ್ ಇರುವ ಚಕ್ರಗಳ ಹತ್ತಿರ ಒಂದಿಷ್ಟು ಬೂದು ಮಿಶ್ರಿತ ಹಳದಿ ಪುಡಿ ಹಾಕಿ. ಗೋವಾದ ಮುರ್ಮಗೋವಾ ಬಂದರಿನಿಂದ ಕಲ್ಲಿದ್ದಲು ಬರುವುದೂ ಇದೇ ದಾರಿಯಲ್ಲಿ, ಆದ್ದರಿಂದ ಕೆಂಪಿನ ಮೇಲೆ ಅಲ್ಲಲ್ಲಿ ಕರಿ ಛಾಯೆ ಇದ್ದರೂ ತಪ್ಪಿಲ್ಲ.

ಎರಡೇ ಎರಡು ಕಡೆ ಹೊಳಪು ಬೇಕು. ಡೀಸೆಲ್ ತುಂಬಿಸುವ ಬಾಯಿಯ ಕೆಳಗೆ ಟ್ಯಾಂಕಿನ ಮೇಲೆ ಚೆಲ್ಲಿದ ಎಣ್ಣೆಗೆ ಕಂದು ಬೆರೆಸಿದ ಹೊಳಪಿನ (ಗ್ಲಾಸಿ) ವಾರ್ನಿಷ್ ಒಂದು ಹನಿ. ಇನ್ನೊಂದು, ಕ್ಯಾಬಿನ ಬಾಗಿಲ ಪಕ್ಕದ ಹಿಡಿಕಂಬಿ. ದಿನಾ ಲೋಕೋ ಪೈಲಟ್‌ಗಳ ಕೈ ಸವರಿ ಅದು ಮಿರಮಿರ ಎನ್ನುತ್ತಿರುತ್ತದೆ. ಪೆನ್ಸಿಲ್ ಸೀಸವನ್ನು ಬೆರಳಿಗೆ ಹಚ್ಚಿಕೊಂಡು ಅಷ್ಟು ಮಾತ್ರ ತಿಕ್ಕಿ. ಇದು ನನಗೆ ತುಂಬಾ ಇಷ್ಟದ ಕೆಲಸ.

ಈ ಎರಡು ಕೆಲಸಕ್ಕೆ ಮುಂಚೆಯೇ ಪುಡಿಯ ಮೇಲೆ ಕೊನೆಯ ಮ್ಯಾಟ್ ಕೋಟ್ ಹೊಡೆದಿರಬೇಕು, ಇಲ್ಲದಿದ್ದರೆ ಹೊಳಪು ಮುಚ್ಚಿಹೋಗುತ್ತದೆ. ವಾರ್ನಿಷ್ ಬಿದ್ದಾಗ ಪುಡಿಯ ಬಣ್ಣ ಸಾಕಷ್ಟು ಕುಗ್ಗುತ್ತದೆ. ಗಾಬರಿ ಬೇಡ, ಇನ್ನೊಮ್ಮೆ ಹಚ್ಚಿ.

ಟೇಪ್ ಕಿತ್ತು, ಕವಚ ಕೂರಿಸಿ. ಹಳಿಗೆ ತಾಗುವ ಚಕ್ರದ ಅಂಚನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ. ಕರೆಂಟ್ ಬರುವುದು ಅಲ್ಲಿಂದಲೇ.