ಹೈಟೆನ್ಷನ್ ಲೈನ್ ಕೆಳಗೆ ಜೀಪು ಇಳಿಸುವ ಮುನ್ನ

ಮಲೆನಾಡಿನ ಗುಡ್ಡಗಳಲ್ಲಿ ಟವರ್ ಸಾಲಿನ ಕೆಳಗೆ ಮರ ಕಡಿದು ಬೋಳಾದ ಪಟ್ಟಿ ನೋಡಿದರೆ ಆಫ್‌ರೋಡ್ ಹೋಗುವವರಿಗೆ ಆಸೆ ಹುಟ್ಟುವುದು ಸಹಜ. 'ಅದು ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ) ಜಾಗ, ಯಾರೂ ಕೇಳಲ್ಲ' ಎನ್ನುತ್ತಾರೆ. ಆ ಮಾತು ಬಹುಪಾಲು ತಪ್ಪು.

1885ರ ಟೆಲಿಗ್ರಾಫ್ ಕಾಯ್ದೆಯ 10ನೇ ಕಲಮಿನ ಪ್ರಕಾರ ಲೈನ್ ಎಳೆಯುವವರಿಗೆ ಸಿಗುವುದು ಬಳಕೆಯ ಹಕ್ಕು ಮಾತ್ರ, ಜಮೀನಿನ ಒಡೆತನವಲ್ಲ. 2003ರ ವಿದ್ಯುತ್ ಕಾಯ್ದೆಯ 164ನೇ ಕಲಮು ಇದೇ ಅಧಿಕಾರವನ್ನು ವಿದ್ಯುತ್ ಲೈನುಗಳಿಗೂ ಕೊಡಲು ಅವಕಾಶ ಮಾಡಿತು. ನೆಲದಡಿ ಹೂತ ದಾಭೋಲ್–ಬೆಂಗಳೂರು ಅನಿಲ ಕೊಳವೆಯಂಥವಕ್ಕೆ 1962ರ ಪೈಪ್‌ಲೈನ್ ಕಾಯ್ದೆ ಇದೆ. ಅದರ 9ನೇ ಕಲಮಿನಡಿ ರೈತ ಎಂದಿನಂತೆ ಉಳಬಹುದು. ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಜಮೀನು ಅವನದೇ. ಹಾಗಾಗಿ ಲೈನ್‌ಮನ್ 'ಹೋಗಿ ಪರವಾಗಿಲ್ಲ' ಅಂದರೆ ಅದು ಒಪ್ಪಿಗೆಯಾಗದು, ಕೊಡಲು ಅವನ ಬಳಿ ಏನೂ ಇಲ್ಲ.

ಮೊದಲು ಜಾಗ ಯಾರದೆಂದು ತಿಳಿಯಿರಿ. ಸ್ಥಳದಲ್ಲೇ ನಿಂತು ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕ್ ತೆರೆದರೆ ಸರ್ವೆ ನಂಬರ್ ಸಿಗುತ್ತದೆ. ಅದರಿಂದ ಭೂದಾಖಲೆಗಳ 'ಭೂಮಿ' ಜಾಲತಾಣದಲ್ಲಿ ಪಹಣಿ ತೆಗೆದು, ಮಾಲೀಕರ ಹೆಸರಿರುವ 9ನೇ ಕಾಲಂ ಓದಿ. ಜಂಟಿ ಖಾತೆಯಾಗಿದ್ದರೆ ಎಲ್ಲರನ್ನೂ ಕೇಳಿ. ಅಣ್ಣ ಒಪ್ಪಿ ತಮ್ಮ ತಡೆದ ಜಗಳಗಳೇ ಹೆಚ್ಚು. 220 ಕೆವಿ ಲೈನಿನ ಪಟ್ಟಿ 35 ಮೀಟರ್, 400 ಕೆವಿಯದು 46 ಮೀಟರ್ ಅಗಲ. ಒಂದೇ ಕಿಲೋಮೀಟರಿನಲ್ಲಿ ಹಲವು ಸರ್ವೆ ನಂಬರ್ ದಾಟಬೇಕಾಗುತ್ತದೆ. ಗ್ರಾಮ ನಕಾಶೆಯನ್ನೂ ನೋಡಿ: ಅದರಲ್ಲಿರುವ ಬಂಡಿದಾರಿ ಲೈನನ್ನು ಅಡ್ಡ ಹಾಯ್ದರೆ ಆ ದಾರಿಯಲ್ಲೇ ಮುಂದೆ ಹೋಗಿ, ಪಟ್ಟಿಯತ್ತ ತಿರುಗಬೇಡಿ. ಅರಣ್ಯವಾದರೆ ರೈತನ ಒಪ್ಪಿಗೆಯ ಪ್ರಶ್ನೆಯೇ ಇಲ್ಲ. ಮೀಸಲು ಅರಣ್ಯಕ್ಕೆ ಅಕ್ರಮವಾಗಿ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ.

ಒಪ್ಪಿಗೆ ಬರಹದಲ್ಲಿರಲಿ: ಸರ್ವೆ ನಂಬರ್, ದಿನ, ಸಮಯ, ಗಾಡಿ ನಂಬರುಗಳು, ಒಳಹೋಗುವ ಜಾಗ, ಬೆಳೆ ಹಾಳಾದರೆ ಕೊಡುವ ಹಣ. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಪ್ರಕಾರ ಇದು ಬರಿಯ ಅನುಮತಿ, ಸಾಮಾನ್ಯವಾಗಿ ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು. 'ಸಾಕು, ಹೊರಡಿ' ಅಂದರೆ ಹೊರಡಿ. ಅವಮಾನಿಸುವ, ಬೆದರಿಸುವ, ಕಿರಿಕಿರಿ ಮಾಡುವ ಉದ್ದೇಶದಿಂದ ಅಲ್ಲೇ ಉಳಿದರೆ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನ ಅಪರಾಧವಾಗುತ್ತದೆ; 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ಉದ್ದೇಶ ಇಲ್ಲದಿದ್ದರೂ ಸಿವಿಲ್ ದಾವೆ ಹೂಡಿ ನಷ್ಟ ವಸೂಲಿ ಮಾಡಬಹುದು. ಬೇಲಿಯ ದಾರಿಗೆ ಅಡ್ಡ ಹಾಕಿದ ಉಣುಗೋಲು ತೆಗೆದಿದ್ದರೆ ಮತ್ತೆ ಹಾಕಿ. ದನ ಹೊರಬಿದ್ದು ಪಕ್ಕದ ಗದ್ದೆ ಮೇಯ್ದರೆ ಆ ಊರಿನ ಬಾಗಿಲು ಮುಂದೆ ಯಾರಿಗೂ ತೆರೆಯದು.

ರೈತ ಒಪ್ಪಿದ ಮಾತ್ರಕ್ಕೆ ಕೊಳವೆಯ ಮೇಲೆ ಓಡಿಸಲು ಸ್ವಾತಂತ್ರ್ಯ ಸಿಕ್ಕಿತೆಂದಲ್ಲ. ಕೊಳವೆ ಇರುವುದು ಸುಮಾರು ಒಂದು ಮೀಟರ್ ಆಳದಲ್ಲಿ. ಮಳೆಗಾಲದ ಕೆಸರಿನಲ್ಲಿ ಹತ್ತಾರು ಗಾಡಿ ಒಂದೇ ಜಾಡಿನಲ್ಲಿ ಓಡಿದರೆ ಮೇಲ್ಮಣ್ಣು ಕೊರೆದು ಆ ಹೊದಿಕೆ ತೆಳುವಾಗುತ್ತದೆ, ನೀರು ಹರಿದು ಇನ್ನಷ್ಟು ಕೊಚ್ಚುತ್ತದೆ. ಹೂತ ಗಾಡಿ ಎಳೆಯಲು ನೆಲಕ್ಕೆ ಗೂಟ ಹೊಡೆಯಬೇಡಿ. ಗಾಡಿ ಎಳೆಯುವ ವಿಂಚ್ ಹಗ್ಗವನ್ನು ಟವರ್ ಕಾಲಿಗಾಗಲಿ, ಕೊಳವೆಯ ಹಳದಿ ಗುರುತುಕಂಬಕ್ಕಾಗಲಿ ಕಟ್ಟಬೇಡಿ. ಕೆಲವು ಕಂಬಗಳೊಳಗೆ ಕೊಳವೆಯ ತುಕ್ಕುತಡೆ ವ್ಯವಸ್ಥೆ ಸರಿಯಿದೆಯೇ ಎಂದು ಅಳೆಯುವ ತಂತಿ ಇರುತ್ತದೆ, ಅದು ಕಿತ್ತರೆ ಅಲ್ಲಿನ ಅಳತೆಯೇ ನಿಲ್ಲುತ್ತದೆ. ಕೊಳವೆಗೆ ಬೇಕೆಂದೇ ಹಾನಿ ಮಾಡಿದವರ ಶಿಕ್ಷೆಯನ್ನು ಪೈಪ್‌ಲೈನ್ ಕಾಯ್ದೆಯ 2011ರ ತಿದ್ದುಪಡಿ ಹೆಚ್ಚಿಸಿದೆ. ಗಾಡಿ ದಾಟಲೇಬೇಕಿದ್ದರೆ ಕಂಬದ ಮೇಲಿನ ಸಂಖ್ಯೆಗೆ ಮೊದಲೇ ಕರೆ ಮಾಡಿ, ಎಲ್ಲಿ ದಾಟಬೇಕೆಂದು ಕೇಳಿ. ಹತ್ತಾರು ಗಾಡಿಯ ರ‍್ಯಾಲಿಗಾದರೆ ಕಂಪನಿಯ ಲಿಖಿತ ಒಪ್ಪಿಗೆಯೂ ಬೇಕು.

ವಿಮೆಯನ್ನೂ ಓದಿಕೊಳ್ಳಿ. ಖಾಸಗಿ ಕಾರಿನ ಪಾಲಿಸಿಯಲ್ಲಿ ರೇಸ್ ಮತ್ತು ವೇಗ ಪರೀಕ್ಷೆಗೆ ರಕ್ಷಣೆ ಇರುವುದಿಲ್ಲ. ಗಡಿಯಾರ ಹಿಡಿದು ಸ್ಪರ್ಧೆ ನಡೆಸಿ ಗಾಡಿ ಮಗುಚಿದರೆ ಖರ್ಚು ನಿಮ್ಮದೇ.