ಹೆಡ್ ಇಳಿಸದೆ ಮುರಿದ ಸ್ಟಡ್ ತೆಗೆದದ್ದು: ನನ್ನ ಅನುಭವ

"ಹೆಡ್ ಇಳಿಸದೆ ಇದು ಬರುವುದಿಲ್ಲ" ಎಂದವರು ಒಬ್ಬಿಬ್ಬರಲ್ಲ. ಅವರಲ್ಲಿ ನನಗಿಂತ ಹೆಚ್ಚು ಎಂಜಿನ್ ಬಿಚ್ಚಿದವರೂ ಇದ್ದರು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಅಲ್ಯೂಮಿನಿಯಂ ಹೆಡ್ (ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಭಾಗ), ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು (ಎಂಜಿನ್ನಿನ ಹೊಗೆ ಹೊರಗೊಯ್ಯುವ ಕೊಳವೆಗಳ ಜೋಡಣೆ) ಅದಕ್ಕೆ ಹಿಡಿದಿಡುವ ಎರಡು ಎಂ8 (8 ಮಿ.ಮೀ. ದಪ್ಪದ) ಸ್ಟಡ್, ಅಂದರೆ ತಲೆಯಿಲ್ಲದ ತಿರುಪು, ಮುರಿದು ಒಳಗೇ ಕೂತಿದ್ದವು. ಎಂಜಿನ್ ಕಾರಿನಲ್ಲೇ ಇದ್ದಂತೆ, ಹೆಡ್ ಮುಟ್ಟದೆ, ಮಿಗ್ ವೆಲ್ಡಿಂಗಿನಿಂದ (ತಾನಾಗಿ ಬರುವ ವೈರನ್ನೇ ಕರಗಿಸಿ ಬೆಸೆಯುವುದು) ಎರಡನ್ನೂ ತೆಗೆದೆ. ವರ್ಷ ದಾಟಿತು, ಕಾರು ಓಡುತ್ತಿದೆ, ಗ್ಯಾಸ್ಕೆಟ್ ಎಲ್ಲೂ ಲೀಕ್ ಇಲ್ಲ. ಇಂಥದೇ ಕೆಲಸ ಎದುರಿಗಿಟ್ಟುಕೊಂಡು ತಲೆಕೆಡಿಸಿಕೊಂಡವರಿಗಾಗಿ ಬರೆಯುತ್ತಿದ್ದೇನೆ. ಸಾಕೆಟ್ ಹಿಡಿಯುವುದು, ಆರ್ಕ್ ಹೊತ್ತಿಸುವುದು ಇವೆಲ್ಲ ನಿಮಗೆ ಗೊತ್ತೇ ಇರುತ್ತದೆ, ಬಿಟ್ಟಿದ್ದೇನೆ.

ಮುರಿದದ್ದು ಎರಡೂ ತುದಿಯವು. ಮ್ಯಾನಿಫೋಲ್ಡ್ ಬಿಚ್ಚಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ನಡುವಿನವು ಹೇಗೋ ಬರುತ್ತವೆ, ತುದಿಯವು ಕೈಕೊಡುತ್ತವೆ. ಮ್ಯಾನಿಫೋಲ್ಡ್ ಹೆಡ್ಡಿಗಿಂತ ಬಹಳ ಹೆಚ್ಚು ಕಾಯುತ್ತದೆ, ಉದ್ದಕ್ಕೆ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ; ಆ ಎಳೆದಾಟದ ಹೆಚ್ಚಿನ ಪಾಲು ತುದಿಯ ಸ್ಟಡ್‌ಗಳ ಮೇಲೇ ಬೀಳುತ್ತದೆ. ಮುಂದಿನ ತುದಿಯದು ಹೆಡ್ಡಿನ ಮುಖಕ್ಕೆ ಸರಿಸಮನಾಗಿ ತುಂಡಾಗಿತ್ತು. ಹಿಂದಿನ ತುದಿಯದು ಮುಖದಿಂದ ಸುಮಾರು ಮೂರು ಮಿ.ಮೀ. ಒಳಗೆ. ಅದು ಸಾಲದು ಎಂಬಂತೆ, ನನ್ನ ಹತ್ತಿರ ಬರುವ ಮೊದಲು ಬೇರೊಂದು ಗ್ಯಾರೇಜಿನಲ್ಲಿ ಅದಕ್ಕೆ ತೂತು ಕೊರೆದು, ಮುರಿದ ತುಂಡನ್ನು ಒಳಗಿನಿಂದ ಕಚ್ಚಿ ತಿರುಗಿಸುವ ಕಡ್ಡಿಯಾದ ಎಕ್ಸ್‌ಟ್ರಾಕ್ಟರ್ ಹಾಕಿ, ಆ ಎಕ್ಸ್‌ಟ್ರಾಕ್ಟರಿನ ತುದಿಯನ್ನೂ ಒಳಗೆ ಮುರಿದಿಟ್ಟಿದ್ದರು. ತೂತು ನಡುವಿಗೆ ಇರಲಿಲ್ಲ, ಒಂದು ಪಕ್ಕಕ್ಕೆ ಜಾರಿ ಥ್ರೆಡ್ಡನ್ನೇ (ತಿರುಪಿನ ಸುರುಳಿ ಗೆರೆ) ಕಚ್ಚಿತ್ತು.

ಹೆಡ್ ಇಳಿಸುವುದೆಂದರೆ ಬರೀ ಕೂಲಿಯ ಲೆಕ್ಕವಲ್ಲ. ಹೆಡ್ ಗ್ಯಾಸ್ಕೆಟ್, ಒಮ್ಮೆ ಬಿಗಿದರೆ ಮತ್ತೆ ಬಳಸಬಾರದ ಹೆಡ್ ಬೋಲ್ಟ್ ಸೆಟ್, ಟೈಮಿಂಗ್ ಬಿಚ್ಚಿದ ಮೇಲೆ ಬೆಲ್ಟು ಮತ್ತು ಟೆನ್ಷನರ್, ಕೂಲಂಟ್, ಆಯಿಲ್. ಹೆಡ್ ಹೇಗೂ ಹೊರಗೆ ಬಂತಲ್ಲ ಎಂದು ಆಮೇಲೆ ಫೇಸಿಂಗ್ (ಹೆಡ್ಡಿನ ಮುಖ ಸಮ ಮಾಡುವುದು), ವಾಲ್ವ್ ಲ್ಯಾಪಿಂಗ್ (ವಾಲ್ವ್ ಅರೆದು ಸರಿಯಾಗಿ ಕೂರಿಸುವುದು). ಎಲ್ಲ ಕೂಡಿಸಿದರೆ ಆ ಕಾರು ಮಾರಿದರೆ ಸಿಗುವ ದುಡ್ಡಿನ ಕಾಲುಭಾಗಕ್ಕೆ ಹತ್ತಿರ ಬರುತ್ತಿತ್ತು. ನನ್ನ ದಾರಿಯಲ್ಲಿ ಅದರ ಇಪ್ಪತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ವೆಲ್ಡಿಂಗ್ ಮಷಿನ್ ಮೊದಲೇ ಇತ್ತು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಆದ ಖರ್ಚಿನಲ್ಲೂ ಹೆಚ್ಚಿನದು ನುಂಗಿದ್ದು, ಗಡಸು ಲೋಹ ಅರೆಯುವ ಸಣ್ಣ ತಿರುಗುಮೊನೆಗಳಾದ ಕಾರ್ಬೈಡ್ ಬರ್‌ಗಳು.

ವೆಲ್ಡಿಂಗಿಗೆ ಕೈ ಹಾಕುವ ಮೊದಲು ಉಳಿದ ದಾರಿಗಳನ್ನೆಲ್ಲ ನೋಡಿದೆ. ಎಡಗೈ ಡ್ರಿಲ್ ಬಿಟ್ಟಿನ (ಬಿಚ್ಚುವ ದಿಕ್ಕಿಗೆ ತಿರುಗುತ್ತ ಕೊರೆಯುವುದು) ಮೇಲೆ ನನಗೆ ಬಹಳ ನಂಬಿಕೆ. ಕೊರೆಯುವಾಗಲೇ ಕೆಲವೊಮ್ಮೆ ತುಂಡು ಬಿಟ್ಟಿಗೆ ಸಿಕ್ಕಿಕೊಂಡು ಬಿಚ್ಚುತ್ತ ಬಂದುಬಿಡುತ್ತದೆ. ಮುಂದಿನ ಸ್ಟಡ್ಡಿಗೆ ನಡು ನೋಡಿ ಪಂಚ್ ಹೊಡೆದು, ಸಣ್ಣದಾಗಿ ಸ್ವಲ್ಪ ಆಳ ಕೊರೆದೆ. ಅಲುಗಾಡಲಿಲ್ಲ. ಎಕ್ಸ್‌ಟ್ರಾಕ್ಟರ್ ಮಾತ್ರ ಹಾಕಲಿಲ್ಲ, ಹಾಕುವುದೂ ಇಲ್ಲ. ಅದು ತುಂಬ ಗಡಸು ಉಕ್ಕು, ಬಾಗುವುದಿಲ್ಲ, ಪಟ್ಟನೆ ಮುರಿಯುತ್ತದೆ. ಮುರಿದರೆ ಸಾಮಾನ್ಯ ಬಿಟ್ಟು ಅದರ ಮೇಲೆ ಜಾರುತ್ತದೆ. ಮೊನಚಾಗುತ್ತ ಹೋಗುವ ಸುರುಳಿಯದಾದರೆ ಇನ್ನೂ ಕಷ್ಟ. ಒಳಕ್ಕೆ ಹೋದಷ್ಟೂ ಸ್ಟಡ್ಡನ್ನು ಒಳಗಿನಿಂದಲೇ ಅಗಲಿಸಿ ಥ್ರೆಡ್ಡಿಗೆ ಇನ್ನಷ್ಟು ಒತ್ತುತ್ತದೆ. ತಾನೇ ಮುರಿಯುವಷ್ಟು ಬಿಗಿ ಹಿಡಿದ ಸ್ಟಡ್ ಅದಕ್ಕಿಂತ ತೆಳ್ಳನೆಯ ಒಂದು ಕಡ್ಡಿಗೆ ಬರುತ್ತದೆಂದು ನಂಬುವುದು ಹೇಗೆ? ಹೋದ ವರ್ಷಗಳಲ್ಲಿ ನಾನು ಕೊಂಡ ಎಕ್ಸ್‌ಟ್ರಾಕ್ಟರ್ ಸೆಟ್‌ಗಳ ದುಡ್ಡಿನಲ್ಲಿ ಒಂದು ಒಳ್ಳೆಯ ವೆಲ್ಡಿಂಗ್ ಹೆಲ್ಮೆಟ್ ಬರುತ್ತಿತ್ತು.

ಎಣ್ಣೆಯ ವಿಷಯದಲ್ಲಿ ಎಲ್ಲರಿಗೂ ಒಂದೊಂದು ಮತವಿದೆ. ತುಕ್ಕು ಹಿಡಿದ ಗುಜರಿ ಬೋಲ್ಟು, ನಟ್ಟುಗಳನ್ನು ಸಾಲಾಗಿ ಇಟ್ಟು ಸೀಮೆಎಣ್ಣೆ, ಡೀಸೆಲ್, ಅಂಗಡಿಯ ಸ್ಪ್ರೇ, ಮತ್ತೆ ಎಟಿಎಫ್ (ಆಟೋಮ್ಯಾಟಿಕ್ ಗೇರಿನ ಎಣ್ಣೆ) ಅರ್ಧ ಅಸಿಟೋನ್ ಅರ್ಧ ಬೆರೆಸಿದ್ದು, ಎಲ್ಲವನ್ನೂ ಹಾಕಿ ನೋಡಿದ್ದೇನೆ. ಕಬ್ಬಿಣಕ್ಕೆ ಕಬ್ಬಿಣ ಹಿಡಿದ ಕಡೆ ಎಟಿಎಫ್ ಅಸಿಟೋನ್ ಚೆನ್ನಾಗಿಯೇ ಇಳಿಯಿತು. ಆದರೆ ಎರಡೂ ತಾವಾಗಿ ಬೆರೆತು ನಿಲ್ಲುವುದಿಲ್ಲ, ಪ್ರತಿ ಸಲ ಕುಲುಕಿಯೇ ಹಾಕಬೇಕು. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಉಕ್ಕಿನ ಸ್ಟಡ್ ಹಿಡಿದಾಗ ಇವುಗಳಲ್ಲಿ ಯಾವುದೂ ದೊಡ್ಡ ವ್ಯತ್ಯಾಸ ಮಾಡಿದ್ದನ್ನು ನಾನು ಕಾಣೆ. ಅಲ್ಲಿ ಕಟ್ಟಿಕೊಂಡಿರುವುದು ಬಿಳಿ ಪುಡಿಯಂಥ ಆಕ್ಸೈಡು. ಸಂದಿ ಪೂರ್ತಿ ಮುಚ್ಚಿಹೋಗಿರುತ್ತದೆ, ಎಣ್ಣೆ ಇಳಿಯಲು ಜಾಗವೇ ಇರುವುದಿಲ್ಲ.

ಇದೇ ಸಮಯದಲ್ಲಿ ಪಟಿಕದ ಪ್ರಯೋಗವನ್ನೂ ಮಾಡಿದೆ. ಗಡಿಯಾರ ರಿಪೇರಿಯವರು ಹಿತ್ತಾಳೆಯಲ್ಲಿ ಮುರಿದ ಉಕ್ಕಿನ ತಿರುಪನ್ನು ಪಟಿಕದ ನೀರಿನಲ್ಲಿ ಕರಗಿಸಿ ತೆಗೆಯುತ್ತಾರೆ. ಅಲ್ಯೂಮಿನಿಯಮ್ಮಿನ ಗುಜರಿ ತುಂಡೊಂದರಲ್ಲಿ ಮುರಿದ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಕ್ಕಿನ ಉಪಕರಣ) ಇತ್ತು. ಪಟಿಕವನ್ನು ಇನ್ನು ಕರಗದು ಎನ್ನುವಷ್ಟು ಬಿಸಿನೀರಿಗೆ ಹಾಕಿ, ತುಂಡನ್ನು ಮುಳುಗಿಸಿ, ಸಣ್ಣ ಉರಿಯಲ್ಲಿಟ್ಟೆ. ಟ್ಯಾಪಿನಿಂದ ಸಣ್ಣ ಸಣ್ಣ ಗುಳ್ಳೆ ಏಳತೊಡಗಿದವು, ನೀರು ಕಪ್ಪಾಯಿತು. ಮಾರನೆಯ ದಿನದ ಹೊತ್ತಿಗೆ ಟ್ಯಾಪ್ ಎಷ್ಟು ಸವೆದಿತ್ತೆಂದರೆ ಮೊಳೆಯಿಂದ ತಟ್ಟಿದಾಗ ಉದುರಿಹೋಯಿತು. ಅಲ್ಯೂಮಿನಿಯಂ ಸ್ವಲ್ಪ ಮಾಸಿತು ಅಷ್ಟೇ, ಥ್ರೆಡ್ ಉಳಿದಿತ್ತು. ಬಿಡಿ ಭಾಗಗಳಿಗೆ ಚಿನ್ನದಂಥ ಉಪಾಯ. ಕಾರಿನಲ್ಲಿ ಕೂತ ಎಂಜಿನ್ನನ್ನು ಮುಳುಗಿಸಲಾಗುವುದಿಲ್ಲವಲ್ಲ, ಆದ್ದರಿಂದ ಈ ಕೆಲಸಕ್ಕೆ ಒದಗಲಿಲ್ಲ.

ಕೊನೆಗೆ ವೆಲ್ಡಿಂಗ್. ಮುರಿದ ಸ್ಟಡ್ಡಿಗೆ ನಟ್ ವೆಲ್ಡ್ ಮಾಡಿ ತೆಗೆಯುವುದು ಹೊಸ ವಿಷಯವಲ್ಲ, ಎಲ್ಲರೂ ಕೇಳಿದ್ದೇ. "ಮಾಡಿ ನೋಡಿದ್ದೇವೆ, ನಟ್ ಕಿತ್ತು ಬರುತ್ತದೆ" ಎನ್ನುವವರೇ ಹೆಚ್ಚು. ಅವರು ನಟ್ಟನ್ನು ಹಿಡಿಕೆ ಎಂದುಕೊಳ್ಳುತ್ತಾರೆ. ನನ್ನ ಪ್ರಕಾರ ಕೆಲಸ ಮಾಡುವುದು ನಟ್ಟಲ್ಲ, ಕಾವು. ಸ್ಟಡ್ ಕೆಂಪಗೆ ಕಾದಾಗ ಹಿಗ್ಗಲು ನೋಡುತ್ತದೆ, ಸುತ್ತಲಿನ ಹೆಡ್ ಬಿಡುವುದಿಲ್ಲ, ಮೆತ್ತಗಾದ ಉಕ್ಕು ಅಲ್ಲೇ ಅದುಮಿಕೊಳ್ಳುತ್ತದೆ. ಆರುವಾಗ ಮೊದಲಿಗಿಂತ ಕೂದಲೆಳೆಯಷ್ಟು ಸಣ್ಣದಾಗುತ್ತದೆ. ಹಿಡಿದಿದ್ದ ಆಕ್ಸೈಡ್ ಅಲ್ಲಿ ಬಿರುಕು ಬಿಡುತ್ತದೆ. ನಟ್ ಕಿತ್ತು ಬಂತೋ, ಬರಲಿ. ಇನ್ನೊಮ್ಮೆ ವೆಲ್ಡ್ ಮಾಡಿದರೆ ಇನ್ನೊಂದು ಕಾವು ಕೊಟ್ಟ ಹಾಗಾಯಿತು. ಎರಡನೇ ನಟ್ ಕಿತ್ತಾಗ ಕೈಬಿಟ್ಟವರು ಮೂರನೆಯದಕ್ಕೆ ಬರುತ್ತಿದ್ದುದನ್ನು ಬಿಟ್ಟುಬಂದಿದ್ದಾರೆ ಎಂದೇ ನನ್ನ ನಂಬಿಕೆ.

ಹೆಡ್ ಕರಗುವುದಿಲ್ಲವೇ ಎಂದು ಕೇಳುತ್ತಾರೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಉಕ್ಕಿಗೆ ಅದರ ಎರಡು ಪಟ್ಟಿಗೂ ಹೆಚ್ಚು ಕಾವು ಬೇಕು. ಹೆದರಿಕೆ ಸುಳ್ಳಲ್ಲ. ಆದರೆ ಅಲ್ಯೂಮಿನಿಯಂ ಕಾವನ್ನು ಬೇಗ ಎಳೆದುಕೊಂಡು ಹರಡುತ್ತದೆ, ಉಕ್ಕಿನ ವೈರು ಅದಕ್ಕೆ ಬೆಸೆಯುವುದೂ ಇಲ್ಲ. ಆರ್ಕನ್ನು ಸ್ಟಡ್ಡಿನ ನಡುವಿಗೇ ಇಟ್ಟು, ಒಂದು ಸೆಕೆಂಡಿನಷ್ಟು ಒತ್ತಿ ಬಿಟ್ಟರೆ ಹೆಡ್ಡಿಗೆ ಏನೂ ಆಗುವುದಿಲ್ಲ.

ಬ್ಯಾಟರಿಯ ಎರಡೂ ಟರ್ಮಿನಲ್ ತೆಗೆದೆ, ಆಲ್ಟರ್ನೇಟರ್ ಮತ್ತು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕನೆಕ್ಟರುಗಳನ್ನೂ ಬಿಡಿಸಿದೆ. ಅರ್ಥ್ ಕ್ಲ್ಯಾಂಪನ್ನು ಬಾಡಿಗೆ ಹಾಕದೆ ಹೆಡ್ಡಿಗೇ, ಸ್ಟಡ್ಡಿನ ಹತ್ತಿರ ಹಾಕಿದೆ. ಕರೆಂಟು ಬೇರಿಂಗುಗಳ ಮೂಲಕ ಸುತ್ತಿ ಬರಬಾರದು. ಮೊದಲು ಹಾಕಿದ್ದ ಎಣ್ಣೆಯನ್ನು ಅಸಿಟೋನಿನಿಂದ ತೊಳೆದು, ಪೂರ್ತಿ ಆರಲು ಬಿಟ್ಟು, ಡಬ್ಬಿಯನ್ನು ದೂರ ಇಟ್ಟೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಮಾತ್ರ ಈ ಕೆಲಸದ ಹತ್ತಿರಕ್ಕೂ ತರಬೇಡಿ. ಆರ್ಕಿನ ಬೆಳಕು, ಕಾವು ತಗುಲಿದರೆ ಅದರಿಂದ ಫಾಸ್ಜೀನ್ ಎಂಬ ವಿಷಗಾಳಿ ಹುಟ್ಟುತ್ತದೆ, ಜೀವಕ್ಕೇ ಕುತ್ತು. ನಟ್ಟುಗಳ ಸತುವಿನ ಲೇಪನವನ್ನೂ ಮೊದಲೇ ಉಜ್ಜಿ ತೆಗೆದಿದ್ದೆ. ಅದರ ಹೊಗೆ ಎದೆಗೆ ಒಳ್ಳೆಯದಲ್ಲ, ವೆಲ್ಡ್ ಕೂಡ ತೂತು ತೂತಾಗುತ್ತದೆ.

ಮುಂದಿನ ಸ್ಟಡ್ ಸುಲಭವಾಗಿ ಬಂತು. ಸ್ಟಡ್ಡಿನ ಮೇಲೆ ವಾಷರ್ ಇಟ್ಟು, ಅದರ ತೂತಿನೊಳಗಿಂದ ಸ್ಟಡ್ಡಿಗೆ ವೆಲ್ಡ್ ತುಂಬಿಸಿ, ಅದರ ಮೇಲೆ ಎಂ10 ನಟ್ ಕೂರಿಸಿ ಒಳಗೂ ಹೊರಗೂ ಬೆಸೆದೆ. 0.8 ಮಿ.ಮೀ. ವೈರು, ತೊಂಬತ್ತರಿಂದ ನೂರು ಆಂಪಿನ ಆಸುಪಾಸು. ಎರಡನೇ ನಟ್ಟಿಗೆ ಸ್ಟಡ್ ಬಂತು.

ಹಿಂದಿನದರ ಕಥೆ ಉದ್ದ. ಒಳಗಿದ್ದ ಎಕ್ಸ್‌ಟ್ರಾಕ್ಟರ್ ತುದಿಯ ಮೇಲೆ ವೆಲ್ಡ್ ಮಾಡಿದರೆ ನಿಲ್ಲುವುದಿಲ್ಲ, ಅಂಥ ಉಕ್ಕಿನ ಮೇಲಿನ ಬೆಸುಗೆ ಆರುವಾಗಲೇ ಸೀಳುತ್ತದೆ. ಮೊದಲು ಅದು ಹೋಗಬೇಕು. ಮೂರು ಮಿ.ಮೀ. ಕಾರ್ಬೈಡ್ ಬರ್ ಹಾಕಿ, ಕನ್ನಡಿ ಹಿಡಿದು, ಎಂಜಿನ್ ಹಿಂದಿನ ತಗಡಿನ ಗೋಡೆಯಾದ ಫೈರ್‌ವಾಲಿಗೂ ಎಂಜಿನ್ನಿಗೂ ನಡುವಿನ ಸಂದಿಯಲ್ಲಿ ಕೈ ತೂರಿಸಿ, ಚೂರು ಚೂರೇ ಪುಡಿ ಮಾಡಿದೆ. ಬರ್‌ಗಳು ಒಂದಾದ ಮೇಲೊಂದು ಸವೆದವು. ಈ ಕೆಲಸ ಒಂದಕ್ಕೇ ಪೂರ್ತಿ ಒಂದು ದಿನ ಹಿಡಿಯಿತು. ಆಮೇಲೆ ಆ ಕುಳಿಯೊಳಗೆ ವೈರ್ ಇಳಿಸಿ, ಒಂದು ಚುಕ್ಕೆ ಇಟ್ಟು ಬಿಟ್ಟು, ಕಿಟ್ಟ ಕೆದರಿ, ಅದರ ಮೇಲೆ ಇನ್ನೊಂದು ಚುಕ್ಕೆ. ಹೀಗೆ ಹೆಡ್ಡಿನ ಮುಖಕ್ಕಿಂತ ಒಂದೆರಡು ಮಿ.ಮೀ. ಮೇಲೆ ಬರುವವರೆಗೂ ಎಬ್ಬಿಸಿದೆ. ಸುತ್ತಲಿನ ಅಲ್ಯೂಮಿನಿಯಂ ಥ್ರೆಡ್ಡಿಗೆ ಲೋಹ ತಾಕಿತು, ಹಿಡಿಯಲಿಲ್ಲ.

ನಾಲ್ಕೋ ಐದೋ ನಟ್ ಕಿತ್ತು ಬಂದವು. ಪ್ರತಿ ಸಲವೂ ಮೇಲ್ಮೈ ಉಜ್ಜಿ, ಮತ್ತೆ ಎಬ್ಬಿಸಿ, ಹೊಸ ನಟ್. ಪಕ್ಕದಲ್ಲಿ ನಿಂತು ನೋಡುತ್ತಿದ್ದವರು ಅಷ್ಟರಲ್ಲಿ ಹೆಡ್ ಗ್ಯಾಸ್ಕೆಟ್ ಎಲ್ಲಿ ಸಿಗುತ್ತದೆಂದು ವಿಚಾರಿಸತೊಡಗಿದ್ದರು. ಅದಾದ ಮೇಲಿನ ನಟ್ ಬೆಸೆದು ಮುಟ್ಟದೆ ಬಿಟ್ಟೆ. ಕೆಂಪು ಪೂರ್ತಿ ಇಳಿದು ಕಪ್ಪಾದ ಮೇಲೆ ಮೇಣದ ತುಂಡು ತಾಗಿಸಿದೆ. ಮೇಣ ಸುಂಯ್ ಎಂದು ಕರಗಿ ನಟ್ಟಿನ ಬುಡದಲ್ಲಿ ಒಂದು ಸುತ್ತು ನಿಂತು, ಬತ್ತಿಗೆ ಎಣ್ಣೆ ಏರುವ ಹಾಗೆ ಸಂದಿಯೊಳಕ್ಕೆ ಹೋಯಿತು. ಹಿಂದಿನ ಸಲಗಳಲ್ಲೆಲ್ಲ ಅದು ಮೇಲೇ ಹರಡಿ ಹೊಗೆಯಾಗಿತ್ತು. ಒಳಗೆ ಹೋಯಿತೆಂದರೆ ಸಂದಿ ತೆರೆದಿದೆ ಎಂದರ್ಥ. ರಿಂಗ್ ಸ್ಪ್ಯಾನರ್ ಹಾಕಿ ಮೊದಲು ಬಿಗಿಯುವ ಕಡೆಗೆ ಒಂದಿಷ್ಟು ಒತ್ತಿದೆ, ಆಮೇಲೆ ಬಿಚ್ಚುವ ಕಡೆಗೆ. ಎರಡು ಬೆರಳಿನ ಬಲ, ಅದಕ್ಕಿಂತ ಹೆಚ್ಚಿಲ್ಲ. ಕಿರ್ ಎಂದಿತು. ಗಡಿಯಾರದ ನಿಮಿಷದ ಮುಳ್ಳು ಒಂದು ನಿಮಿಷಕ್ಕೆ ಸರಿಯುವಷ್ಟೂ ತಿರುಗಿರಲಿಕ್ಕಿಲ್ಲ. ಅಲ್ಲಿಂದ ಅರ್ಧ ಗಂಟೆ ಆಚೆ ಒಂಚೂರು, ಈಚೆ ಒಂಚೂರು, ನಡುವೆ ಮೇಣ. ಒಂದೇ ಕಡೆಗೆ ಎಳೆದಿದ್ದರೆ ಖಂಡಿತ ಮತ್ತೆ ಮುರಿಯುತ್ತಿತ್ತು. ಹೊರಬಂದ ತುಂಡಿನ ಥ್ರೆಡ್ಡಿನ ತುಂಬ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು. ಗ್ಯಾಸ್ಕೆಟ್ ವಿಚಾರಿಸುತ್ತಿದ್ದವರ ಕೈಗೇ ಅದನ್ನು ಕೊಟ್ಟೆ.

ವೋಲ್ಟೇಜು ಮತ್ತು ವೈರಿನ ವೇಗ ಎಷ್ಟಿಟ್ಟೆ ಎಂದು ಬರೆಯುವುದಿಲ್ಲ. ನಿಮ್ಮ ಮಷಿನ್ನಿಗೆ ಅದು ಹೊಂದುವುದೂ ಇಲ್ಲ, ಗುಜರಿ ಹೆಡ್ಡಿನ ಮೇಲೆ ಕೂತು ಕಂಡುಕೊಳ್ಳಬೇಕಾದದ್ದು ಅದು. ಮೇಣಕ್ಕೆ ಸೇರಿಸಿದ್ದೊಂದಿದೆ, ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬರೀ ಮೇಣದಬತ್ತಿಯಲ್ಲೂ ಕೆಲಸ ಆಗುತ್ತದೆ.

ಮುಂದಿನ ಸ್ಟಡ್ಡಿನ ತೂತಿಗೆ 1.25 ಮಿ.ಮೀ. ಪಿಚ್ಚಿನ (ಥ್ರೆಡ್ಡಿನ ಸುತ್ತುಗಳ ಅಂತರ) ಟ್ಯಾಪನ್ನು ಕೈಯಲ್ಲೇ ಓಡಿಸಿದ್ದು ಸಾಕಾಯಿತು. ಹಿಂದಿನದರಲ್ಲಿ ಆ ಪಕ್ಕಕ್ಕೆ ಜಾರಿದ ತೂತು ಒಂದು ಬದಿಯ ಥ್ರೆಡ್ ತಿಂದಿತ್ತು, ಅದಕ್ಕೆ 8.3 ಮಿ.ಮೀ. ಬಿಟ್ ಹಾಕಿ ಹೆಲಿಕಾಯಿಲ್ (ಹಾಳಾದ ಥ್ರೆಡ್ಡಿನ ಬದಲಿಗೆ ಕೂರಿಸುವ ತಂತಿಯ ಸುರುಳಿ) ಕೂರಿಸಿದೆ. ತೂತು ವಾಟರ್ ಜಾಕೆಟ್ಟಿಗೆ (ಕೂಲಂಟ್ ಹರಿಯುವ ಒಳದಾರಿ) ತೆರೆದುಕೊಂಡಿದೆಯೇ ಎಂದು ಮೊದಲೇ ನೋಡಿಕೊಳ್ಳಿ, ಕೆಲವು ಎಂಜಿನ್ನುಗಳಲ್ಲಿ ಹಾಗಿರುತ್ತದೆ. ಅಂಥದಕ್ಕೆ ಸೀಲಂಟ್ ಬೇಕು. ಸ್ಟಡ್‌ಗಳೆಲ್ಲ ಹೊಸವು, ನಿಕ್ಕಲ್ ಆಂಟಿಸೀಜ್ (ಥ್ರೆಡ್ ಮತ್ತೆ ಹಿಡಿಯದಂತೆ ಹಚ್ಚುವ ಲೇಪ) ಹಚ್ಚಿ ಬೆರಳಲ್ಲೇ ತಿರುಗಿಸಿದ್ದು. ನಟ್ ತಾಮ್ರ ಲೇಪದವು. ನಡುವಿನಿಂದ ತುದಿಗೆ ಹೋಗುತ್ತ ಎರಡು ಮೂರು ಸುತ್ತಿನಲ್ಲಿ ಇಪ್ಪತ್ತು ನ್ಯೂಟನ್ ಮೀಟರಿನ ಹತ್ತಿರಕ್ಕೆ ಬಿಗಿದೆ. ಆಂಟಿಸೀಜ್ ಹಚ್ಚಿದರೆ ಅದೇ ಟಾರ್ಕಿಗೆ (ತಿರುಗಿಸುವ ಬಲ) ಹೆಚ್ಚು ಬಿಗಿಯಾಗುತ್ತದೆ, ಅದಕ್ಕೇ ಸ್ವಲ್ಪ ಕಡಿಮೆ.

ಹೀಟ್ ಶೀಲ್ಡಿನ ಒಂದು ಬೋಲ್ಟಿನ ತಲೆಯೂ ಉರುಟಾಗಿತ್ತು. ಅದಕ್ಕೆ ಇಷ್ಟೆಲ್ಲ ಬೇಡ. 13ರ ತಲೆಗೆ 12ರ ಹನ್ನೆರಡು ಮೂಲೆಯ ಹಳೆಯ ಸಾಕೆಟ್ ಸುತ್ತಿಗೆಯಿಂದ ಬಡಿದು ಕೂರಿಸಿದೆ. ಬಡಿಯುವಾಗಲೇ ತುಕ್ಕು ಅರ್ಧ ಬಿಟ್ಟಿರುತ್ತದೆ, ತಿರುಗಿಸಿದರೆ ಬರುತ್ತದೆ. ಹೊಸ ಸಾಕೆಟ್ ಇದಕ್ಕೆ ಹಾಳು ಮಾಡಬೇಡಿ.

ಡೀಸೆಲ್ ಎಂಜಿನ್ನಿನ ಮುರಿದ ಗ್ಲೋ ಪ್ಲಗ್ಗಿಗೂ (ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಕಾಯಿಸುವ ಕಡ್ಡಿ) ಇದೇ ಮಾಡಬಹುದೇ ಎಂದು ಕೆಲವರು ಕೇಳಿದ್ದಾರೆ. ನಾನು ಮಾಡುವುದಿಲ್ಲ. ಅದರ ತುದಿ ಸಿಲಿಂಡರಿನೊಳಗೆ ಇರುತ್ತದೆ, ನಡುವಿನಲ್ಲಿ ಎಲೆಕ್ಟ್ರೋಡು, ಹೊರಗಿನದು ತೆಳು ಕೊಳವೆ. ವೆಲ್ಡ್ ಹಿಡಿಯಲು ಬೇಕಾದ ಗಟ್ಟಿ ಉಕ್ಕೇ ಅಲ್ಲಿಲ್ಲ, ಚೂರು ಒಳಗೆ ಬಿದ್ದರೆ ಪಿಸ್ಟನ್ನಿಗೆ ಅಪಾಯ. ಅದಕ್ಕೆ ಗೈಡ್ ಇರುವ ಡ್ರಿಲ್ ಸೆಟ್ ಬೇಕು, ಅದನ್ನು ನಾನಿನ್ನೂ ಕೊಂಡಿಲ್ಲ.